ಮೂರು ಪಾರ್ಸೆಲ್, ಮೋನಮ್ಮನ ಒಂದು ಗಾಲಿ

ಯಾದಗಿರಿಯ ಕಾಳಿನ ಮಾರುಕಟ್ಟೆ, ಅಂದರೆ ಗಂಜಿನಲ್ಲಿ ಬೆಳಗಿನ ಐದೂವರೆ. ತೊಗರಿ ಸುಗ್ಗಿಯ ದಿನಗಳು, ಮೈ ಕೊರೆಯುವ ಚಳಿ. ಲಾರಿಯವರು ಇನ್ನೂ ಚಹಾದ ಅಂಗಡಿಯ ಮುಂದೆ ಕೈ ಉಜ್ಜುತ್ತ ನಿಂತಿದ್ದಾರೆ. ಮೋನಮ್ಮ ಆಗಲೇ ಸೊಂಟಕ್ಕೆ ಸೆರಗು ಬಿಗಿದು ಚೀಲಗಳ ಸಾಲಿಗೆ ಇಳಿದಿದ್ದಾರೆ. ಎಡಗೈಯಲ್ಲಿ ಅಕ್ಷರ ಕೊರೆದ ತಗಡು, ಬಲಗೈಯಲ್ಲಿ ಚಿಂದಿ ಸುತ್ತಿದ ಕಡ್ಡಿ, ಕಾಲ ಬಳಿ ಮಸಿಯ ಡಬ್ಬಿ. ತಗಡು ಒತ್ತುತ್ತಾರೆ, ಮಸಿ ಬಳಿಯುತ್ತಾರೆ, ಎತ್ತುತ್ತಾರೆ. ಚೀಲದ ಮೇಲೆ ಕಾಳಿನ ದಲಾಲಿ ಮಾಡುವ ಅಡತಿ ಅಂಗಡಿಯ ಗುರುತು ಮೂಡುತ್ತದೆ. ಒಂದು ಚೀಲಕ್ಕೆ ಎಂಟು ಸೆಕೆಂಡು, ಅಷ್ಟೇ. ಹೋಗಿಬರುವವರು ಗುರುತು ನೋಡುತ್ತಾರೆಯೇ ಹೊರತು ಅದನ್ನು ಹಾಕುವ ಕೈಯನ್ನು ನೋಡುವುದಿಲ್ಲ.

ನಲವತ್ತೇಳರ ಮೋನಮ್ಮ ಮುದನಾಳದವರು. ನಸುಕಿನ ಟಂಟಂ ಆಟೊ ಹತ್ತಿ ಗಂಜಿಗೆ ಬಂದು ಹೋಗಲು ಶುರುಮಾಡಿ ಇಪ್ಪತ್ತೊಂದು ವರ್ಷ. ತಗಡು ಕೊರೆಯುವುದನ್ನು ಕಲಿಸಿದ್ದು ಮಾವ ದ್ಯಾವಪ್ಪ. ಗಂಡ ತೀರಿಕೊಂಡ ವರ್ಷ ಅವರು ಸೊಸೆಯ ಕೈಗೆ ಉಳಿ, ಸುತ್ತಿಗೆ ಕೊಟ್ಟು "ಅಳೂದು ಆಮ್ಯಾಲ, ಮೊದಲ ಇದನ್ನ ಹಿಡಿ" ಅಂದಿದ್ದರಂತೆ. ಈಗ ಮನೆಯ ಗೋಡೆಗೆ ನೂರಾ ಹದಿಮೂರು ತಗಡು ನೇತಾಡುತ್ತವೆ. ತಕ್ಕಡಿ, ಚಂದ್ರ, ಎತ್ತು, ಜೋಳದ ತೆನೆ, ಯಾವ ಯಾವ ಕಾಲದ ಅಂಗಡಿಗಳ ಹೆಸರು! ಮೊದಲು ಸುಗ್ಗಿಯಲ್ಲಿ ದಿನಕ್ಕೆ ಎಂಟುನೂರು ಚೀಲ ಬೀಳುತ್ತಿದ್ದವು. ಈಗ ಚೀಲಗಳು ಕಾರ್ಖಾನೆಯಿಂದಲೇ ಬಣ್ಣಬಣ್ಣದ ಅಚ್ಚು ಹೊತ್ತು ಬರುತ್ತವೆ. ಇನ್ನೂರು ದಾಟಿದರೆ ಅವತ್ತು ಹಬ್ಬ.

"ಕೆಲಸ ಹೋಗಾಕತ್ತದಂತ ಗೊತ್ತದರಿ. ಆದ್ರ ಎಲ್ಲಿ ಹೋಗಾಕತ್ತದಂತ ಗೊತ್ತಿಲ್ಲ. ಗೊತ್ತಿದ್ರ ನಾನೂ ಬೆನ್ನ ಹತ್ತಿ ಹೋಗತಿದ್ದೆ" ಎಂದು ನಗುತ್ತಾರೆ.

ದಾರಿ ತೋರಿಸಲು ಬಂದವಳು ಅಕ್ಕನ ಮಗಳು ಶಿವಾನಿ. ಶಹಾಪುರದ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುವ ಹುಡುಗಿ. ಚಿಗವ್ವನ ತಗಡುಗಳ ಫೋಟೊ ಜಾಲತಾಣದಲ್ಲಿ ಹಾಕಿದ್ದೇ ತಡ, ಎಲ್ಲೆಲ್ಲಿಯವರೋ "ಇದು ಟಿ-ಶರ್ಟ್ ಮೇಲೆ ಸಿಗುತ್ತಾ?" ಎಂದು ಕೇಳತೊಡಗಿದರು. ಶಿವಾನಿ ಅವತ್ತೇ ಒಂದು ಬಟ್ಟೆಯ ಬ್ರ್ಯಾಂಡ್ ಶುರುಮಾಡಿ 'ಪತ್ರಾ' ಎಂದು ಹೆಸರಿಟ್ಟಳು. ಈ ಸೀಮೆಯಲ್ಲಿ ಪತ್ರಾ ಎಂದರೆ ತಗಡು. ಮಾಲು ತುಂಬಿಡಲು ಜಾಗವಿಲ್ಲ, ಮಷೀನು ಕೊಳ್ಳುವ ಮಾತೇ ಇಲ್ಲ. ಹಾಗಾಗಿ ಪ್ರಿಂಟ್ ಆನ್ ಡಿಮ್ಯಾಂಡ್. ಗಿರಾಕಿ ಆರ್ಡರ್ ಹಾಕಿದ ಮೇಲೆ ಕಂಪನಿಯವರೇ ಒಂದೊಂದಾಗಿ ಅಂಗಿ ಅಚ್ಚು ಹಾಕಿ, ಪತ್ರಾ ಹೆಸರಿನ ಪಟ್ಟಿ ಹಚ್ಚಿ, ನೇರ ಅವರ ಮನೆಗೆ ಕಳಿಸುತ್ತಾರೆ.

ಇದನ್ನು ಮೋನಮ್ಮನಿಗೆ ತಿಳಿಸಲು ಶಿವಾನಿಗೆ ಮೂರು ಭಾನುವಾರ ಹಿಡಿದವು. "ಬಟ್ಟಿ ಅವರದು, ಬಣ್ಣ ಅವರದು, ಮಷೀನ್ ಅವರದು, ಪೋಸ್ಟ್ ಮಾಡೋರೂ ಅವರೇ. ಮತ್ತ ನಮ್ಮದೇನವಾ ಇದರಾಗ?" ಎಂಬುದು ಅವರ ಪ್ರಶ್ನೆ. "ಗುರುತು ನಮ್ಮದು ಚಿಗವ್ವ" ಎಂದು ಶಿವಾನಿ. ಉತ್ತರ ಸರಿ ಅನ್ನಿಸಿತು, ಆದರೆ ಪೂರ್ತಿ ತಲೆಗೆ ಇಳಿಯಲಿಲ್ಲ.

ತಾವೇ ಬಳಿದರಾಯಿತಲ್ಲ ಎಂದು ಒಮ್ಮೆ ಕೈ ಹಾಕಿಯೂ ನೋಡಿದರು. ಚೀಲದ ಮಸಿಗೆ ಸೀಮೆಎಣ್ಣೆ ಬೀಳುತ್ತದೆ. ಶಿವಾನಿಯ ಹಳೆಯ ದುಪಟ್ಟಾ ವಾರಗಟ್ಟಲೆ ಕಂದೀಲಿನ ವಾಸನೆ ಹೊಡೆಯಿತು, ಕೊರಳಿಗೆಲ್ಲ ಕಪ್ಪು ಹತ್ತಿತು. ಆ ದಾರಿ ಅಲ್ಲಿಗೆ ಮುಚ್ಚಿತು.

ಅಷ್ಟರಲ್ಲಿ ಮೊದಲ ದೊಡ್ಡ ಆರ್ಡರ್ ಬಂದೇಬಿಟ್ಟಿತು. ಕೊಂಕಲ್‌ನ ಹುಡುಗಿಯರಿಗೆ ಕಬಡ್ಡಿ ಕಲಿಸುವ ತಸ್ಲೀಮಾ ಟೀಚರ್ ನಲವತ್ತು ಅಂಗಿ ಕೇಳಿದರು. ಎದೆಯ ಮೇಲೆ ಬಂಡಿಯ ಗಾಲಿ, ಕೆಳಗೆ ಊರ ಹೆಸರು. ಸುರಪುರದ ಪಂದ್ಯಕ್ಕೆ ಹದಿನೈದು ದಿನವಿತ್ತು. ಮೋನಮ್ಮ ಹೊಸ ತಗಡು ತಂದು ಒಂದೇ ಸಲಕ್ಕೆ ಕೂತು ಗಾಲಿ ಕೊರೆದರು. ಶಿವಾನಿ ಅದರ ಫೈಲ್ ಮಾಡಿ ದಿಲ್ಲಿ, ಹೈದರಾಬಾದು, ತಿರುಪ್ಪೂರಿನ ಮೂರು ಕಂಪನಿಗಳಿಗೆ ಒಂದೊಂದು ಮಾದರಿ ಕೇಳಿದಳು.

ಮೂರು ಪಾರ್ಸೆಲ್ ಬಿಚ್ಚಿದಾಗ ಶಿವಾನಿ ಹೊಟ್ಟೆ ಹಿಡಿದು ನಕ್ಕಳು. ಗಾಲಿ ಎದೆಯ ಮೇಲಿಲ್ಲ, ಹೊಕ್ಕಳ ಮೇಲಿದೆ! ತಪ್ಪು ಕಂಪನಿಯದಲ್ಲ. ಚೀಲದ ಮೇಲ್ಭಾಗದಲ್ಲಿ ಬಾಯಿ ಹೊಲಿಗೆ ಇರುತ್ತದೆ, ಹಮಾಲರ ಕೊಕ್ಕೆ ಅಲ್ಲಿಯೇ ಬೀಳುತ್ತದೆ, ಅದಕ್ಕೇ ಗುರುತು ಯಾವಾಗಲೂ ನಡುವಿನಿಂದ ಕೆಳಗೆ. ಇಪ್ಪತ್ತೊಂದು ವರ್ಷದ ರೂಢಿ. "ಇನ್ನಾ ಕೆಳಗ ತಗೋ, ಇನ್ನಾ ಕೆಳಗ" ಎಂದು ಶಿವಾನಿಯ ಪಕ್ಕ ಕೂತು ಜಾಗ ಹೇಳಿದವರು ಮೋನಮ್ಮನೇ. "ಮನಷ್ಯಾರಿಗೆ ಕೊಕ್ಕಿ ಹಾಕಿ ಎತ್ತಂಗಿಲ್ಲ ಚಿಗವ್ವ" ಎಂದು ಶಿವಾನಿ ಕಣ್ಣೊರೆಸಿಕೊಂಡು ಮತ್ತೆ ಮಾದರಿ ಕೇಳಿದಳು. ನಾಲ್ಕು ದಿನ ಹಾಗೆ ಹೋದವು.

ಈ ನಡುವೆ ಮಾತುಗಳ ಜಾತ್ರೆ. ಒಬ್ಬರು ಬಟ್ಟೆಯ ತೂಕವನ್ನು ಜಿಎಸ್ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಬ್ಬರು ಡಿಟಿಜಿ ಚಲೋ ಅನ್ನುತ್ತಾರೆ, ಇನ್ನೊಬ್ಬರು ಡಿಟಿಎಫ್ ಇಲ್ಲದೆ ಗತಿಯಿಲ್ಲ ಅನ್ನುತ್ತಾರೆ. ಮೊದಲನೆಯದು ಬಣ್ಣವನ್ನು ನೇರ ಬಟ್ಟೆಗೆ ಕುಡಿಸುವುದು, ಎರಡನೆಯದು ಹಾಳೆಯ ಮೇಲೆ ಅಚ್ಚು ಹಾಕಿ ಬಿಸಿಗೆ ಅಂಟಿಸುವುದು. ಹೊಗಳಿದ ವಿಡಿಯೊ ನೋಡಿದರೆ ಅದೇ ಸರಿ, ತೆಗಳಿದ ವಿಡಿಯೊ ನೋಡಿದರೆ ಇದೇ ಸರಿ. "ಕೇಳಿಕೇಳಿ ತಲಿ ಗಿರಣಿ ಆಗ್ಯದರಿ. ತೊಗರಿ ಆದ್ರ ಮುಷ್ಟಿಯಾಗ ಹಿಡಿದು ಹೇಳತಿದ್ದೆ, ಚಲೋನೋ ಕೆಟ್ಟದ್ದೋ ಅಂತ" ಅನ್ನುತ್ತಾರೆ ಮೋನಮ್ಮ.

ಎರಡನೇ ಸಲದ ಮೂರು ಅಂಗಿಗಳನ್ನು ಅವರು ತಮಗೆ ತಿಳಿದ ರೀತಿಯಲ್ಲೇ ಪರೀಕ್ಷಿಸಿದರು. ರಾತ್ರಿಯಿಡೀ ನೆನೆಹಾಕಿ, ಕಲ್ಲಿಗೆ ತಿಕ್ಕಿ, ಬಿಸಿಲಿಗೆ ಹರವಿ, ಹತ್ತು ಹೆಜ್ಜೆ ದೂರ ನಿಂತು ನೋಡಿದರು. ದಿಲ್ಲಿಯದು ಎರಡನೇ ತಿಕ್ಕಿಗೇ ಸಿಪ್ಪೆ ಎದ್ದಿತು. ತಿರುಪ್ಪೂರಿನ ಬಟ್ಟೆ ಕೊಂಚ ತೆಳು, ನಲವತ್ತು ಅಂಗಿ ಕಳಿಸಲು ಹತ್ತು ದಿನ ಬೇಕು. ಹೈದರಾಬಾದಿನದು ದಪ್ಪ ಬಟ್ಟೆ, ಗಟ್ಟಿ ಬಣ್ಣ, ನಾಲ್ಕೇ ದಿನ. ಪಂದ್ಯಕ್ಕೆ ಉಳಿದದ್ದು ಆರು. ಅವರಿಗೇ ಆರ್ಡರ್ ಹಾಕಲು ಶಿವಾನಿ ಫೋನ್ ಕೈಗೆ ತೆಗೆದುಕೊಂಡೇಬಿಟ್ಟಿದ್ದಳು.

"ತಡೀ" ಅಂದರು ಮೋನಮ್ಮ. "ಇದು ನಂದಲ್ಲ ಅನ್ನಸ್ತದ. ಯಾಕಂತ ಗೊತ್ತಾಗವಲ್ದು."

ಹೈದರಾಬಾದಿನ ಅಂಗಿ ಮಡಚಿಟ್ಟರು, ಮತ್ತೆ ಬಿಚ್ಚಿದರು. ಅಂಗಳಕ್ಕೆ ಒಯ್ದು ನೋಡಿದರು. ಕೊನೆಗೆ ತಗಡನ್ನೇ ತಂದು ಅದರ ಮೇಲೆ ಇಟ್ಟಾಗ ಗೊತ್ತಾಯಿತು. ಗಾಲಿಯ ವೃತ್ತವನ್ನು ತಗಡಿನಲ್ಲಿ ಪೂರ್ತಿ ಸುತ್ತ ಕೊರೆಯಲು ಬರುವುದಿಲ್ಲ, ನಡುವಿನ ತುಂಡು ಕಳಚಿ ಬೀಳುತ್ತದೆ. ಅದಕ್ಕೇ ನಾಲ್ಕು ಕಡೆ ಸಣ್ಣ ಪಟ್ಟಿ ಬಿಡುತ್ತಾರೆ. ಅದು ಕೊಂಡಿ. ಮಸಿ ಬಳಿದಾಗ ಕೊಂಡಿ ಇದ್ದಲ್ಲಿ ಸಂದು ಉಳಿಯುತ್ತದೆ. ತಿರುಪ್ಪೂರಿನವರು ನಾಲ್ಕೂ ಸಂದು ಹಾಗೇ ಬಿಟ್ಟಿದ್ದರು. ಹೈದರಾಬಾದಿನವರು ಅಚ್ಚುಕಟ್ಟಾಗಿ ಮುಚ್ಚಿದ್ದರು.

ಗಂಜಿನಲ್ಲಿ ಕಲಿತ ಹಿಂದಿಯಲ್ಲೇ ಮೋನಮ್ಮ ಕಂಪನಿಗೆ ಫೋನ್ ಮಾಡಿದರು. ಆ ಕಡೆಯ ಹೆಣ್ಣುಮಗಳು ಬಹಳ ನಯವಾಗಿ, ನಿಮ್ಮ ಚಿತ್ರ ಒಡೆದಿತ್ತು ಮೇಡಂ, ನಮ್ಮ ಮಷೀನು ತಾನೇ ಜೋಡಿಸಿದೆ, ಅದಕ್ಕೆ ಬೇರೆ ಹಣವಿಲ್ಲ ಎಂದಳು. ಒಡೆದಿಲ್ಲವ್ವ, ಹಾಗೇ ಬಿಡು ಎಂದರೆ, ಮಷೀನಿನಲ್ಲಿ ಅದನ್ನು ನಿಲ್ಲಿಸಲು ಬರುವುದಿಲ್ಲ ಎಂದಳು. ಅವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಉಪಕಾರ ಮಾಡಿದೆವೆಂದೇ ಅವರು ತಿಳಿದಿದ್ದಾರೆ.

ಮರುದಿನ ತಸ್ಲೀಮಾ ಟೀಚರ್ ಮುದನಾಳಕ್ಕೆ ಬಂದರು. ಮೋನಮ್ಮ ಹೈದರಾಬಾದಿನದು, ತಿರುಪ್ಪೂರಿನದು ಎರಡೂ ಅಂಗಿ ಹೊರಸಿನ ಮೇಲೆ ಹರವಿದರು. ಟೀಚರ್ ಅದನ್ನೂ ಇದನ್ನೂ ನೋಡಿ, "ಎರಡೂ ಗಾಲಿನೇ ಅಲ್ಲೇನ್ರಿ?" ಅಂದರು.

"ಟೀಚರಿಗೆ ಕಾಣ್ಲಿಲ್ಲ. ಶಿವಾನಿಗೂ ನಾ ತೋರ್ಸಿದ ಮ್ಯಾಲೇ ಕಂಡಿದ್ದು. ಮತ್ತ ನಾ ಯಾರ ಸಲುವಾಗಿ ಹಟ ಹಿಡಿಯಾಕತ್ತೇನಿ ಅಂತ ನನಗ ನಾನೇ ಕೇಳ್ಕೊಂಡೆ ನೋಡ್ರಿ" ಎಂದು ಮೋನಮ್ಮ ಆ ಗಳಿಗೆಯನ್ನು ನೆನೆಯುತ್ತಾರೆ. ಅತ್ತ ದರಿ, ಇತ್ತ ಪುಲಿ. ಹೂಂ ಅಂದರೆ ನಲವತ್ತು ಹುಡುಗಿಯರು ಹೊಸ ಅಂಗಿ ಹಾಕಿಕೊಂಡು ಸುರಪುರದಲ್ಲಿ ಆಡುತ್ತಾರೆ, ಪತ್ರಾ ಹೆಸರು ಮೂರು ತಾಲ್ಲೂಕು ತಿರುಗುತ್ತದೆ. ಉಹೂಂ ಅಂದರೆ ಗೋಡೆಯ ಮೇಲಿನ ತಗಡುಗಳು ಗೋಡೆಯ ಮೇಲೇ ಇರುತ್ತವೆ.

ತಿರುಪ್ಪೂರಿನ ಗಾಲಿಯ ನಾಲ್ಕೂ ಸಂದುಗಳ ಮೇಲೆ ಬೆರಳಿಟ್ಟು ತೋರಿಸಿ, ಹೈದರಾಬಾದಿನ ಅಂಗಿಯನ್ನು ಬದಿಗೆ ಸರಿಸಿ ಅವರು ಆಡಿದ್ದು ಇಷ್ಟೇ: "ಇದು ಗಾಲಿ ಅಲ್ಲ ಟೀಚರಮ್ಮ, ಕೈಗೆ ಹಾಕೊ ಬಳಿ ಇದ್ದಂಗದ. ನನ್ನ ಹೆಸರಲೆ ಇದನ್ನ ಕೊಡಾಕ ಮನಸ್ಸು ಬರವಲ್ದು. ತಿರುಪ್ಪೂರಿನ್ದು ಬರಾತನ ಕಾಯ್ತೀರೇನು?"

ಕಾಯಲು ಆಗುವಂತಿರಲಿಲ್ಲ. ತಸ್ಲೀಮಾ ಟೀಚರ್ ಬೇಸರದಿಂದಲೇ ಎದ್ದು ಹೋಗಿ, ಅವತ್ತೇ ಪೇಟೆಯ ಅಂಗಡಿಯಲ್ಲಿ ಸಿದ್ಧ ಅಂಗಿಗಳನ್ನು ಕೊಂಡರು. ಹುಡುಗಿಯರು ಎರಡನೇ ಸುತ್ತಿನವರೆಗೆ ಆಡಿ ಬಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಶಿವಾನಿ ಎರಡು ದಿನ ಚಿಗವ್ವನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ತಾನೇ ಕೂತು ತಿರುಪ್ಪೂರಿನವರೊಂದಿಗೆ ಪತ್ರಾದ ಖಾತೆ ತೆರೆದಳು.

ಕಳೆದ ವಾರ ಆ ಖಾತೆಗೆ ಮೊದಲ ಆರ್ಡರ್ ಬಂದಿದೆ. ಒಂದೇ ಒಂದು ಅಂಗಿ. ಹಾಕಿದವರು ತಸ್ಲೀಮಾ ಟೀಚರ್. ಜೊತೆಗೊಂದು ಸಂದೇಶ: "ಅವತ್ತಿಂದ ಎಲ್ಲಿ ಚೀಲ ನೋಡಿದ್ರೂ ಸಂದೇ ಕಾಣಾಕತ್ಯಾವ್ರಿ. ನನಗ ಸಂದಿದ್ದ ಗಾಲಿನೇ ಕಳಸ್ರಿ."

ಶಿವಾನಿ ಆ ಸಂದೇಶವನ್ನು ಮೂರು ಸಲ ಓದಿ ಹೇಳಬೇಕಾಯಿತಂತೆ. ಸಂತೋಷವಾಯಿತೇ ಎಂದು ಕೇಳಿದರೆ ಮೋನಮ್ಮ ತಗಡು ಒರೆಸುವ ಚಿಂದಿಯನ್ನು ಹಿಂಡಿ ಡಬ್ಬಿಯ ಮೇಲೆ ಹರವುತ್ತಾರೆ.

"ನಲವತ್ತು ಬಿಟ್ಟು ಒಂದು ಹಿಡದೆ. ಶ್ಯಾಣ್ಯಾತನ ಮಾಡಿದೆನೋ ಹುಚ್ಚತನ ಮಾಡಿದೆನೋ, ಇನ್ನಾ ತಿಳಿವಲ್ದು ನನಗ. ಆದ್ರ ಆ ಅಂಗಿ ನೋಡಿ ಯಾರರ ಒಬ್ಬರು, ಇದನ್ನ ಯಾರು ಕೊರದಾರ ಅಂತ ಕೇಳಿದ್ರ, ಮೋನಮ್ಮ ಅಂತ ಹೇಳ್ರಿ. ತಲಿ ತಗ್ಗಸಂಗಿಲ್ಲ ನಾ."