ಡ್ರೈವರಣ್ಣನ ನಾಲ್ಕನೇ ನಂಬರು

ಹೋದ ತಿಂಗಳು ಪಕ್ಕದ ಮನೆಯ ಸೊಸೆ ಹಳೆ ಪೇಪರಿನಲ್ಲಿ ಸುತ್ತಿದ ಏನನ್ನೋ ತಂದುಕೊಟ್ಟಳು. ಅವರ ಹಳೆ ಬಚ್ಚಲುಮನೆ ಕೆಡವುವಾಗ ಗೂಡಿನಲ್ಲಿ ಸಿಕ್ಕಿತಂತೆ, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲವಂತೆ. ಬಿಚ್ಚಿ ನೋಡಿದೆ. ಅವಳ ಮಾವನ ರೇಜರ್ರು. ಸಂದಿಯಲ್ಲಿ ಸೋಪು ಒಣಗಿ ಕಲ್ಲಾಗಿತ್ತು, ಮೂಗಿನ ಹತ್ತಿರ ಹಿಡಿದರೆ ಇನ್ನೂ ಸಣ್ಣಗೆ ವಾಸನೆ… ಹಿಡಿಯ ಮೇಲಿನ ನಂಬರು ಒಂಬತ್ತರಲ್ಲಿ ನಿಂತಿತ್ತು. ಅದನ್ನು ಕಂಡದ್ದೇ ನನ್ನ ಮೈಯೆಲ್ಲ ಉರಿದುಹೋಯಿತು.

ಆತ ಕೆ.ಆರ್. ಪೇಟೆಯಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸಿನ ಡ್ರೈವರು. ಕೇರಿಗೆಲ್ಲ ಡ್ರೈವರಣ್ಣ. ಸ್ಟೇರಿಂಗು ಹಿಡಿಯುವವನ ಮುಖ ನುಣ್ಣಗಿರಬೇಕು ಎನ್ನುವುದು ಆತನ ಹಟ. ಆ ರೇಜರನ್ನು ಮೈಸೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದಿದ್ದ. ಹಿಡಿಯಲ್ಲಿದ್ದ, ಒಂದರಿಂದ ಒಂಬತ್ತರವರೆಗೆ ನಂಬರು ಕೆತ್ತಿದ ಬಳೆ ತಿರುಗಿಸಿದರೆ ಬ್ಲೇಡಿಗೂ ಅದರ ಕೆಳಗಿನ ತಡೆಗೂ ನಡುವಿನ ಸಂದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಒಂದರಲ್ಲಿ ಬ್ಲೇಡು ಚರ್ಮವನ್ನು ಸವರಿಕೊಂಡು ಹೋಗುತ್ತದೆ. ಒಂಬತ್ತರಲ್ಲಿ ಅಲಗು ಪೂರ್ತಿ ಬಾಯಿ ತೆರೆದು ನಿಲ್ಲುತ್ತದೆ. ನನಗೆ ಮೊದಲ ಸಲ ಗಡ್ಡ ಮಾಡಿಕೊಳ್ಳಲು ಕಲಿಸಿದವನು ಅವನೇ. ಜಗಲಿಯ ಮೇಲೆ ಕನ್ನಡಿ ಒರಗಿಸಿ, ನನ್ನ ಗದ್ದ ಹಿಡಿದು ಹೇಳಿದ್ದ:

"ನಿಂದಿನ್ನೂ ಎಳೇ ಗಡ್ಡ ಕಣ್ಲಾ, ಒಂದ್ರಲ್ಲೇ ಮಾಡ್ಕೋ. ನಾಕು ನಂದು. ಒಂಬತ್ತು ಯಾರ್ದೂ ಅಲ್ಲ, ಅದು ಚರ್ಮನೇ ಸುಲ್ದಾಕ್ಬುಡ್ತದೆ."

ರಿಟೈರಾದ ಎರಡನೇ ವರ್ಷ ಆತನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಮಗ ಮುಂದಿನ ಕೋಣೆಯಲ್ಲಿ ಮಂಚ ಹಾಕಿ ಮಲಗಿಸಿದ. ಅನ್ನ ನೀರಿಗೆ ಕೊರತೆ ಮಾಡಲಿಲ್ಲ, ಅದನ್ನು ಇಲ್ಲವೆನ್ನಲಾರೆ. ಆದರೆ ಭಾನುವಾರ ಭಾನುವಾರ ನೋಡಲು ಹೋದಾಗ ಆ ಕೆನ್ನೆಯ ತುಂಬ ಗೀರು, ಗದ್ದದ ಕೆಳಗೆ ರಕ್ತ ಹೆಪ್ಪುಗಟ್ಟಿದ ಚುಕ್ಕೆ. ರೇಜರ್ರು ನೋಡಿದರೆ ಒಂಬತ್ತರಲ್ಲಿತ್ತು. ನಾನು ಮೆಲ್ಲಗೆ ಒಂದಕ್ಕೆ ತಿರುಗಿಸಿಟ್ಟು ಬಂದೆ. ಮುಂದಿನ ವಾರ ಮತ್ತೆ ಒಂಬತ್ತು, ಮತ್ತೆ ಗೀರು. ಕೊನೆಗೆ ಮಗನನ್ನು ಕೇಳಿದೆ.

"ಅವ್ರಿಗೇನ್ ಗೊತ್ತಾಯ್ತದಣ್ಣ," ಅಂದ. "ಡೈರಿಗೆ ಹಾಲು ಆಕೋಕೆ ಓಗ್ಬೇಕು. ಇಂಗಿಟ್ರೆ ಒಂದೇ ಎಳ್ತಕ್ಕೆ ಮುಗೀತದೆ."

ಅವತ್ತು ನಾನೇ ಮಾಡುತ್ತೇನೆಂದು ಕೂತೆ. ಬಿಸಿನೀರಿನಲ್ಲಿ ಬ್ರಶ್ಶು ನೆನೆಸಿ ನೊರೆ ಹಚ್ಚಿದೆ. ಗಾಯದ ಮುಖವಲ್ಲವೇ ಎಂದು ಒಂದಕ್ಕೆ ಇಟ್ಟು ಎಳೆದರೆ ಒರಟು ಗಡ್ಡ ಬರಲೇ ಇಲ್ಲ. ಎರಡು ಸಲ, ಮೂರು ಸಲ ಎಳೆದೆ. ಆಗ ಆತನ ಎಡಗೈ ಮೇಲೆದ್ದಿತು. ಮೆಲ್ಲಗೆ ಬಂದು ನನ್ನ ಕೈಲಿದ್ದ ರೇಜರಿನ ಬಳೆಯನ್ನು ಹಿಡಿಯಿತು. ಎರಡು… ಮೂರು… ನಾಲ್ಕಕ್ಕೆ ತಂದು ನಿಲ್ಲಿಸಿ, ಕಣ್ಣು ಮುಚ್ಚಿ ಕೆನ್ನೆ ಕೊಟ್ಟ.

ಅದರಲ್ಲೇ ಎಳೆದೆ, ಒಂದು ಗೀರೂ ಇಲ್ಲದೆ ಗಡ್ಡ ಬಂತು. ಏನೂ ಗೊತ್ತಾಗುವುದಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದ ಮನುಷ್ಯನಿಗೆ ತನ್ನ ನಂಬರು ಗೊತ್ತಿತ್ತು. ಹಾಗಾದರೆ ಅಷ್ಟು ವಾರ ಪ್ರತಿಯೊಂದು ಗೀರೂ ಗೊತ್ತಾಗಿತ್ತು. ಮಗನನ್ನು ಕರೆದು ತೋರಿಸಿದೆ, ನಾಲ್ಕರಲ್ಲಿ ಮಾಡು, ಅವರೇ ಇಟ್ಟುಕೊಟ್ಟಿದ್ದಾರೆ ಎಂದೆ. ಅವನು ಬಾಗಿಲಲ್ಲೇ ನಿಂತು, ಅಷ್ಟು ಮಮಕಾರವಿದ್ದರೆ ದಿನಾ ನೀನೇ ಬಂದು ಮಾಡು ಅಂದ.

ನಾನು ಹೋಗಲಿಲ್ಲ. ನಾಗಮಂಗಲದ ಆಫೀಸಿಗೆ ಬೆಳಿಗ್ಗೆಯ ಬಸ್ಸು ಹಿಡಿಯಬೇಕಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಭಾನುವಾರ ಯಾವ ಆಫೀಸಿತ್ತು?

ಎರಡು ವಾರ ಬಿಟ್ಟು ಹೋದಾಗ ಮನೆಯಲ್ಲಿ ರೇಜರಿಗಾಗಿ ಹುಡುಕಾಟ ನಡೆದಿತ್ತು. ಡ್ರೈವರಣ್ಣ ಅದನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದ. ಮಗ ಹೊದಿಕೆ ಎಳೆದು, ಆ ಎಡಗೈಯ ಮೇಲೆ ಪಟ್ಟನೆ ಹೊಡೆದು ಕಿತ್ತುಕೊಂಡ. ಡ್ರೈವರಣ್ಣ ನನ್ನತ್ತ ನೋಡಿದ. ನಾನು ಒಂದು ಮಾತೂ ಆಡದೆ ಹೊಸಿಲು ದಾಟಿ ಮನೆಗೆ ಬಂದೆ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಆತ ತೀರಿಕೊಂಡ…

ರೇಜರ್ರು ಸಿಕ್ಕ ಮೇಲೆ ನಾಲ್ಕು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಐದನೆಯ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಹಾಲಿನ ಡೈರಿಯ ಮುಂದೆ ಮಗನನ್ನು ನಿಲ್ಲಿಸಿಕೊಂಡೆ. ಅವನಿಗೂ ಈಗ ತಲೆ ನರೆತಿದೆ. ಕ್ಯಾನು ಹಿಡಿದ ನಾಲ್ಕಾರು ಜನರ ಎದುರಿಗೇ ಎಲ್ಲ ಹೇಳಿದೆ: ಒಂಬತ್ತು, ಗೀರು, ಆ ಏಟು. ಅವನು ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದೆ, ಬರಲೆಂದೇ ಆಸೆಯಿತ್ತು. ಅವನು ರೇಜರನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ.

"ಅಂಗಾ? ನಂಗೇನೂ ಗ್ಯಾಪ್ಕ ಇಲ್ಲ ಕಣಣ್ಣ."

ಸುಳ್ಳು ಹೇಳುತ್ತಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ನಿಜವಾಗಿಯೂ ಮರೆತಿದ್ದ. ಹೌದು, ಹಾಗೆ ನಡೆಯಿತು ಎನ್ನಲು ನನ್ನನ್ನು ಬಿಟ್ಟರೆ ಇದ್ದ ಇನ್ನೊಬ್ಬ ಸಾಕ್ಷಿ ಡ್ರೈವರಣ್ಣ. ಬಾಯಿ ಬಾರದೆ ಆತ ನನ್ನತ್ತ ನೋಡಿದಾಗ, ಬಾಯಿದ್ದ ನಾನು ಎದ್ದು ಬಂದಿದ್ದೆ.