ಸಲೀಂ ಸಾಹೇಬರ ಪುಸ್ತಕದ ಬೈಂಡು

ಏಪ್ರಿಲಿನಲ್ಲಿ ಶಾಲೆ ಶುರುವಾಯಿತೆಂದರೆ ಅಬುಧಾಬಿಯ ರೀಮ್ ಐಲ್ಯಾಂಡಿನ ಮಗಳ ಮನೆಯಲ್ಲಿ ನನಗೊಂದು ಉದ್ಯೋಗ ಸಿಗುತ್ತದೆ: ಮೊಮ್ಮಗಳ ಪುಸ್ತಕಗಳಿಗೆ ಬೈಂಡು ಹಾಕುವುದು. ನಿಜ ಹೇಳಬೇಕೆಂದರೆ ನಾನು ಶಾಲೆಯಲ್ಲಿ ನೆಟ್ಟಗೆ ಕಲಿತದ್ದು ಇದೊಂದನ್ನೇ. ಮೊನ್ನೆ ಕಂದು ಕಾಗದ ಮುಗಿದು, ಕೊನೆಯ ಪುಸ್ತಕಕ್ಕೆ ನ್ಯೂಸ್‌ಪೇಪರನ್ನೇ ಮಡಚತೊಡಗಿದೆ. ಇಸ್ರೇಲು, ಪ್ಯಾಲೆಸ್ತೀನು ಎಂದು ಯುದ್ಧದ ಸುದ್ದಿ ತುಂಬಿದ ಪುಟ. ಹೇಗೂ ನಾನು ಓದುವುದಿಲ್ಲ. ಮೂಲೆಯನ್ನು ಉಗುರಿನಿಂದ ತೀಡುವಾಗ ಸಲೀಂ ಸಾಹೇಬರು ನೆನಪಾದರು.

ತೊಂಬತ್ತರ ದಶಕದ ಕೊನೆಯ ಮಾತು. ದುಬೈಯ ಜೆಬೆಲ್ ಅಲಿ ಬಂದರಿನ ಗೋದಾಮೊಂದರಲ್ಲಿ ನಾನು ಕ್ಲರ್ಕು, ಪ್ಯಾಲೆಸ್ತೀನಿನ ಸಲೀಂ ಸಾಹೇಬರು ಸ್ಟೋರ್‌ಕೀಪರು. ಹಳೇ ಪೇಟೆ ನೈಫ್‌ನಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ಪಕ್ಕಪಕ್ಕ ಕೂರುತ್ತಿದ್ದೆವು. ನಮ್ಮ ಭಾಷೆ ಅರ್ಧ ಇಂಗ್ಲಿಷು, ಕಾಲು ಅರಬ್ಬಿ, ಮಿಕ್ಕದ್ದು ಕೈಸನ್ನೆ. ಅಂಥ ಬಸ್ಸಿನಲ್ಲಿ ಓಡಾಡಿದವರಾದರೆ ನಿಮಗೆ ಗೊತ್ತು, ಆ ಒಂದು ಗಂಟೆ ಎಲ್ಲರಿಗೂ ನಿದ್ದೆ. ಇವರು ಮಾತ್ರ ತುಟಿ ಅಲ್ಲಾಡಿಸುತ್ತ ಮಕ್ಕಳ ಪಾಠದ ಪುಸ್ತಕ ಓದುತ್ತಿದ್ದರು. ಅದು ಹೀಬ್ರೂ, ಇಸ್ರೇಲಿನವರ ಭಾಷೆ ಎಂದು ತಿಳಿದಾಗ ನನಗೇ ಬೆವರಿಳಿಯಿತು. ಯಾರಾದರೂ ಕಂಡರೆ ಏನು ಗತಿ ಎಂದು ಮರುದಿನವೇ ಅದಕ್ಕೆ ಕನ್ನಡ ಪೇಪರಿನ ಬೈಂಡು ಹಾಕಿಕೊಟ್ಟೆ.

ಅವರ ತಂಗಿ ಊರಲ್ಲೇ ಇದ್ದಳು. ಶಾಂತಿಯಾದ ಮೇಲೆ ಅವಳ ಪಕ್ಕದಲ್ಲೊಂದು ಮನೆ ಮಾಡಿಕೊಂಡು ಇರಬೇಕೆಂಬುದು ಇವರ ಆಸೆ. ಒಮ್ಮೆ ಎರಡೂ ಕಡೆಯ ನಾಯಕರು ಟಿ.ವಿ.ಯಲ್ಲಿ ಕೈ ಕುಲುಕಿದರೆಂದು ನಾನು ಮೈಸೂರು ಪಾಕು ಒಯ್ದೆ. ತಿಂದರು, ಹೊಗಳಿದರು. "ಅವರು ಕೈ ಕುಲುಕಿ ಮನೆಗೆ ಹೋಗ್ತಾರೆ. ಬೇಲಿಯಾಚೆಯವನ ಹತ್ರ ದಿನಾ ಮಾತಾಡ್ಬೇಕಾದವ ನಾನು," ಎಂದರು. ಅದೆಲ್ಲ ಆಗುವ ಹೋಗುವ ಮಾತಲ್ಲವೆಂದು ನಾನು ಒಳಗೊಳಗೇ ನಕ್ಕೆ, ಅಲ್ಲಿನ ಮ್ಯಾಪು ಕೂಡ ಗೊತ್ತಿಲ್ಲದವನು.

ಆಮೇಲೆ ಅಲ್ಲಿ ಮತ್ತೆ ಗುಂಡಿನ ಸದ್ದು ಶುರುವಾಯಿತು. ತಂಗಿಯ ದೊಡ್ಡ ಮಗ ಸತ್ತ. ಸಲೀಂ ಸಾಹೇಬರು ಒಂದು ವಾರ ಬಸ್ಸಿಗೆ ಬರಲಿಲ್ಲ. ಬಂದ ದಿನ, ಪಾಠ ಖಲಾಸ್ ಎಂದುಕೊಂಡೆ. ಅವರು ಚೀಲದಿಂದ ಅದೇ ಪುಸ್ತಕ ತೆಗೆದರು. ಬೈಂಡು ಇರಲಿಲ್ಲ; ಬಿಚ್ಚಿದ ಆ ಕನ್ನಡ ಪೇಪರನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟರು.

ಹಿಂದಿನ ಸೀಟಿನಲ್ಲಿದ್ದ ಅವರದೇ ಊರಿನ ಫೋರ್ಕ್‌ಲಿಫ್ಟ್ ಡ್ರೈವರ್ ಆ ಅಕ್ಷರ ಕಂಡು ಎದ್ದುನಿಂತ. ಹುಡುಗನ ಗೋರಿಯ ಮಣ್ಣು ಆರಿಲ್ಲ, ನಾಚಿಕೆಯಿಲ್ಲವೇ ಎಂದು ಬೈದ. ಪುಕ್ಕಲನಾದ ನಾನು, ಈಗಲಾದರೂ ಮುಚ್ಚಿಡಿ ಎಂದು ಪಿಸುಗುಟ್ಟಿದೆ.

ಸಲೀಂ ಸಾಹೇಬರು ಪುಸ್ತಕ ಮುಚ್ಚದೆ ಅವನತ್ತ ತಿರುಗಿದರು. "ಅವನನ್ನು ಕೊಂದವರಿಗೆ ನಾನು ಹೇಳ್ಬೇಕಾದ್ದು ತುಂಬ ಉಂಟು. ಅವರಿಗೆ ತಿಳಿಯುವ ಹಾಗೆ ಹೇಳ್ತೇನೆ. ಅವರು ಹೇಳುವುದನ್ನೂ ಕೇಳ್ತೇನೆ. ತಂಗಿಗೆ ಇನ್ನೂ ಇಬ್ಬರು ಮಕ್ಕಳಿದ್ದಾರೆ."

ಆ ದಿನ ಅವರು ಪಾಠವನ್ನು ಗಟ್ಟಿಯಾಗಿಯೇ ಓದಿದರು. ಡ್ರೈವರ್ ಮುಖ ತಿರುಗಿಸಿ ಕೂತ, ಸೀಟು ಬದಲಿಸಲಿಲ್ಲ.

ಮುಂದಿನ ವರ್ಷ ನಾನು ಅಬುಧಾಬಿಗೆ ಬಂದೆ, ಅವರ ಸುದ್ದಿ ತಪ್ಪಿಹೋಯಿತು. ಇಷ್ಟನ್ನೂ ಕೇಳಿದ ಮೊಮ್ಮಗಳು, "ಡಿಡ್ ದೇ ಸ್ಟಾಪ್ ಫೈಟಿಂಗ್, ಅಜ್ಜ?" ಎಂದಳು. ಹಳೆಯ ನಾನಾಗಿದ್ದರೆ, ಆಗುವ ಮಾತಲ್ಲ ಎಂದುಬಿಡುತ್ತಿದ್ದೆ.

"ಇನ್ನೂ ಇಲ್ಲ ಪುಟ್ಟಾ," ಎಂದೆ. ಅರ್ಧ ಹಾಕಿದ್ದ ಬೈಂಡನ್ನು ಬಿಚ್ಚಿ, ಪುಟವನ್ನು ಮೊಣಕಾಲ ಮೇಲೆ ಹರವಿ, ಆ ಸುದ್ದಿಯನ್ನು ಮೊದಲ ಸಾಲಿನಿಂದ ಓದತೊಡಗಿದೆ.