ಚಿಕ್ಕಪ್ಪನ ಹೊಗೆ

ಇವತ್ತು ಬೆಳಿಗ್ಗೆ ದುರ್ಗಿಗುಡಿಯ ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ತೆಗೆಯುವಾಗ ಟವೆಲ್ಲಿಗೆ ಹೊಗೆಯ ವಾಸನೆ ಅಂಟಿತ್ತು. ನೀವಾಗಿದ್ದರೆ ಮೂಗು ಮುರಿಯುತ್ತಿದ್ದಿರಿ. ನನಗೆ ಮೊದಲು ಖುಷಿಯೇ ಆಯಿತು. ಭದ್ರಾವತಿಯಲ್ಲಿ ಹುಟ್ಟಿದವರ ಮೂಗು ಹಾಗೆಯೇ, ಅದಕ್ಕೆ ಮದ್ದಿಲ್ಲ.

ನಾನು ಬೆಳೆದದ್ದು ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಹೆಂಗಸರು ಬಟ್ಟೆ ಹರವುವ ಮುಂಚೆ ಚಿಮ್ನಿಯ ಹೊಗೆ ಯಾವ ಕಡೆ ವಾಲಿದೆ ಎಂದು ನೋಡುತ್ತಿದ್ದರು. ಆದರೂ ಮಸಿ ಬಿದ್ದರೆ ಬೈದುಕೊಳ್ಳುತ್ತ ಮತ್ತೆ ಒಗೆಯುತ್ತಿದ್ದರು. ಆ ಬೈಗುಳದಲ್ಲೂ ನೆಮ್ಮದಿಯಿತ್ತು. ಹೊಗೆ ಇದ್ದರೆ ಕೆಲಸ ಇದೆ ಎಂದರ್ಥ. ಆಮೇಲೆ ಕುಲುಮೆ ತಣ್ಣಗಾಯಿತು. ಬಟ್ಟೆಗಳು ಬೆಳ್ಳಗೇ ಉಳಿಯತೊಡಗಿದವು, ಯಾರಿಗೂ ಸಂತೋಷವಾಗಲಿಲ್ಲ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ, ಭದ್ರಾವತಿಯಿಂದ ಚಿಕ್ಕಪ್ಪ ಫೋನ್ ಮಾಡಿದರು. ಆ ಕುಲುಮೆಯ ಮುಂದೆಯೇ ದುಡಿದು ನಿವೃತ್ತರಾದವರು, ದಮ್ಮಿನ ಕಾಯಿಲೆ ಬೇರೆ.

“ಫರ್ನೇಸ್ ಹಚ್ಚಿದಾರೆ ಮಾರಾಯ್ತಿ. ಊರೆಲ್ಲಾ ವಾಸನೆ.”

ಕೆಮ್ಮಿ ಕೆಮ್ಮಿ ಸುಸ್ತಾದರೂ ಕಿಟಕಿ ಹಾಕಲು ಬಿಡುತ್ತಿಲ್ಲ ಎಂದು ಹಿಂದಿನಿಂದ ಚಿಕ್ಕಮ್ಮ ದೂರುತ್ತಿದ್ದರು.

ನಾನಾಗ ಶಂಕರಘಟ್ಟದ ಕ್ಯಾಂಪಸ್ಸಿನಲ್ಲಿ ಉಪಗ್ರಹ ಚಿತ್ರಗಳನ್ನು ನೋಡುವ ಕೆಲಸದಲ್ಲಿದ್ದೆ. ಕೆಲಸವೆಂದರೆ ಹೆಚ್ಚಾಗಿ, ನೆಲ ಕಾಣಗೊಡದ ಮೋಡಗಳನ್ನು ಶಪಿಸುತ್ತ ಕೂರುವುದು. ಅವತ್ತು ಮೋಡವಿರಲಿಲ್ಲ. ಬೆಳಗಿನಿಂದ ಬಂದ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದೆ. ಲಕ್ಕವಳ್ಳಿ ಕಡೆಯ ಬೆಟ್ಟಗಳಲ್ಲಿ ಕಾಡು ಹೊತ್ತಿಕೊಂಡಿತ್ತು. ಅಲ್ಲಿಂದೆದ್ದ ಬೂದು ಹೊಗೆ ಭದ್ರೆಯ ಕಣಿವೆ ಹಿಡಿದು, ಹೊಳೆ ತಿರುಗಿದಲ್ಲಿ ತಾನೂ ತಿರುಗಿ, ಭದ್ರಾವತಿಯನ್ನು ಮುಚ್ಚಿ, ಹೊಳಲೂರಿನ ಕಡೆಗೆ ಚಾಚಿತ್ತು. ಮೈ ಜುಮ್ಮೆಂದಿತು. ಒಂದು ಕಾಡಿಗೆ ಕಾಡೇ ಗಾಳಿಯಾಗಿ ಹೋಗುತ್ತಿತ್ತು, ಅದೂ ಅಷ್ಟು ಸದ್ದಿಲ್ಲದೆ, ಅಷ್ಟು ಚೆಂದವಾಗಿ. ನಾನು ಓದಿದ ಶಾಲೆ, ಆಡಿದ ಬೀದಿ, ಚಿಕ್ಕಪ್ಪನ ತೆರೆದ ಕಿಟಕಿ ಎಲ್ಲವೂ ಅದರ ಕೆಳಗೆ. ಹೆದರಿಕೆಗಿಂತ ಮೊದಲು ಕೈಮುಗಿಯಬೇಕು ಅನ್ನಿಸಿತು. ಅದು ಫರ್ನೇಸಿನ ಹೊಗೆಯಲ್ಲ ಎಂದು ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಬಸ್ ಹತ್ತಿದೆ.

ಚಿಕ್ಕಪ್ಪ ಇಸ್ತ್ರಿ ಷರಟು ತೊಟ್ಟು, ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಏದುಸಿರು ಬಿಡುತ್ತಲೇ ನಗುತ್ತಿದ್ದರು. ಬೆಂಕಿ ಎಲ್ಲಿದೆ, ಹೊಗೆ ಯಾವ ದಾರಿಯಲ್ಲಿ ಬಂತು, ಅವರ ಮನೆ ಎಲ್ಲಿ ಎಂದು ತೋರಿಸಿದೆ. ಇನ್ನೊಮ್ಮೆ ತೋರಿಸು ಎಂದರು. ಮತ್ತೂ ಒಮ್ಮೆ. ನಗು ಇಳಿದುಹೋಯಿತು. ಆ ಮುಖ ನೋಡಲಾಗದೆ ನಾನು ಕೀಲಿಮಣೆ ನೋಡುತ್ತ ಕೂತೆ. ಆಮೇಲೆ ಕೇಳಿದರು:

“ಅಷ್ಟು ಮೇಲಿಂದ ನಮ್ಮ ಹೊಗೆನೂ ಕಾಣ್ತಿತ್ತೇನೇ?”

ನನಗೆ ಗೊತ್ತಿರಲಿಲ್ಲ. ಅವರು ಕೆಲಸದಲ್ಲಿದ್ದ ಕಾಲದ ಹಳೆಯ ಚಿತ್ರಗಳನ್ನು ಹುಡುಕಿದೆ. ಮೋಡವಿಲ್ಲದ ಒಂದು ದಿನ ಸಿಕ್ಕಿತು. ಹೊಳೆಯ ದಂಡೆಯಲ್ಲಿ ಕಾರ್ಖಾನೆ. ಅಲ್ಲಿಂದ ಹೊರಟ ಬಿಳಿಯ ಎಳೆಯೊಂದು, ದಾರದಷ್ಟು ಸಣ್ಣದು, ಊರಿನ ಮೇಲೆ ವಾಲಿತ್ತು. ನಮ್ಮವರ ದುಡಿಮೆ ಆಕಾಶದಾಚೆಗೂ ಕಂಡಿತ್ತು, ನಮಗೇ ತಿಳಿದಿರಲಿಲ್ಲ.

ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಪರದೆಗೆ ಮುಖ ತಂದರು. “ಇದು ನಮ್ದು,” ಎಂದರು. ಆಮೇಲೆ ತಾವೇ ಎದ್ದು ಮನೆಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ಹಾಕಿಬಂದರು.

ಆ ದಿನದಿಂದ ಹೊಗೆಯ ವಾಸನೆ ತರುವ ನನ್ನ ಖುಷಿಯೂ ಒಂದು ಕ್ಷಣಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಇವತ್ತು ತಾರಸಿಯಿಂದ ಇಳಿದು ಇನ್ನೂ ಉಪಗ್ರಹ ಚಿತ್ರ ತೆರೆದಿರಲಿಲ್ಲ, ಚಿಕ್ಕಪ್ಪನ ಫೋನ್ ಬಂತು.

“ಕಿಟಕಿ ಹಾಕಿದೀನಿ,” ಎಂದರು. “ಈ ಸಲ ಯಾವ ಕಾಡು ಹೋಯ್ತು, ನೋಡಿ ಹೇಳು.”